ನಾಲ್ಕು ಕರಿ ಬಿಲ್ಲೆಗಳು – ಕಂತು ಏಳು: ಇದ್ದಿಲಿಗೆ ಎಲ್ಲಿಯ ಖಾರ

"ಅಯ್ಯಯ್ಯೋ ಉರಿ! ಕಣ್ಣ ಹೋತ್ರಿ ಮೇಡಮ್ಮಾರ, ಹೋತು!"

ಹೆಡ್ ಕಾನ್‌ಸ್ಟೇಬಲ್ ಮಹಮ್ಮದ್ ಹನೀಫ್ ಕುರ್ಚಿ ಕೆಡವಿಕೊಂಡೇ ಎದ್ದ. ಬಲಗಣ್ಣಿಗೆ ಅಂಗೈ ಒತ್ತಿಕೊಂಡು ಠಾಣೆಯ ಹಿಂದಿನ ನಲ್ಲಿಗೆ ಓಡಿದ. ಅವನು ಮೊಹರು ಮಾಡುತ್ತಿದ್ದ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಕರಿ ಪುಡಿ.

ಪಿಎಸ್‌ಐ ಸುಚಿತ್ರಾ ಪೆನ್ನು ಕೆಳಗಿಟ್ಟಳು.

ಒಂದು ತಿಂಗಳ ಹಿಂದೆ ರಾಣೆಬೆನ್ನೂರಿನಲ್ಲಿ, ಈ ಠಾಣೆಯ ಹಿಂದೆಯೇ ಇರುವ ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮುಖ್ಯಸ್ಥ ಡಾ. ಚನ್ನೇಶ ಈ ಪುಡಿಯ ಮೇಲೆ ಆಯಸ್ಕಾಂತ ಹಿಡಿದಿದ್ದ. ಹಣ ಹೂಡಲು ಬಂದ ಪುಣೆಯ ಕಂಪನಿಯವರು ಮುಂದೆ ಕೂತಿದ್ದರು. ಪುಡಿ ಜಿಗಿದು ಆಯಸ್ಕಾಂತಕ್ಕೆ ಅಂಟಿತ್ತು. "ಕಬ್ಬಿಣವಿಲ್ಲದ ಆಯಸ್ಕಾಂತ. ಬರೀ ಇಂಗಾಲ" ಎಂದಿದ್ದ. ಕಂಪನಿಯವರು ಪುಡಿಯನ್ನು ಒಯ್ದು ಪರೀಕ್ಷೆ ಮಾಡಿಸಿದರು. ಕಬ್ಬಿಣವೇ ಸಿಕ್ಕಿತು. ಮರುದಿನವೇ ಕಾಲೇಜು ಉಳಿದ ಪುಡಿಯ ಜೊತೆ ದೂರು ಕೊಟ್ಟಿತು: ಪುಡಿ ತಯಾರಿಸಿದ್ದು ಸಂಶೋಧನಾ ವಿದ್ಯಾರ್ಥಿನಿ ತಬಸ್ಸುಮ್, ಮೋಸ ಅವಳದು.

ಇವತ್ತು ನಾಲ್ಕು ಗಂಟೆಗೆ ಹಾವೇರಿಯಲ್ಲಿ ಇದರ ವಿಚಾರಣೆಗೆ ಸಮಿತಿ ಸೇರುತ್ತದೆ. ತಬಸ್ಸುಮ್‌ಳ ನಾಲ್ಕು ವರ್ಷದ ಪಿಎಚ್.ಡಿ. ಅಲ್ಲಿ ಉಳಿಯಬೇಕು, ಇಲ್ಲವೇ ಸಾಯಬೇಕು. ಸತ್ತರೆ ಸಂಜೆಗೆ ವಂಚನೆಯ ಕೇಸೂ ಬೀಳುತ್ತದೆ.

ಅವಳು ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಯಾರೂ ಕರೆಸಿರಲಿಲ್ಲ. ತಾನೇ ಬಂದು "ಏನ್ ಕೇಳೂದೈತಿ ಕೇಳ್ರಿ" ಎಂದು ಕೂತವಳು. ಪಕ್ಕದಲ್ಲಿ ಕಾನ್‌ಸ್ಟೇಬಲ್ ಶೀಲಾ.

ಹನೀಫ್ ಮುಖದಿಂದ ನೀರು ಸುರಿಸುತ್ತ ವಾಪಸ್ ಬಂದ. ಕಣ್ಣು ಕೆಂಡದಂತಾಗಿತ್ತು.

"ಇದು ಖಾರ ರೀ."

"ಅದು ಇದ್ದಿಲು ಹನೀಫ್."

"ಇದ್ದಿಲೇ ಇರವಲ್ದ್ಯಾಕ. ಬೆರಳಿಗೆ ಹತ್ತಿದ್ದು ಖಾರ. ನಾ ಬ್ಯಾಡಗ್ಯಾಂವರೀ, ತೊಟ್ಟಿಲದಾಗ ಇದ್ದಾಗಿಂದ ಸೀನೇನಿ. ಖಾರ ಯಾವುದು ಅನ್ನೂದು ನನಗ ಕಲಿಸಬ್ಯಾಡ್ರಿ."

ಸುಚಿತ್ರಾ ಪುಡಿಯ ಒಂದು ಕಣವನ್ನು ಬೆರಳ ತುದಿಗೆ ತೆಗೆದು ತುಟಿಗೆ ಒತ್ತಿದಳು. ಮೊದಲು ಏನೂ ಇಲ್ಲ. ಹತ್ತು ಎಣಿಸುವಷ್ಟರಲ್ಲಿ ತುಟಿ ಚುರುಗುಟ್ಟಿತು.

"ತಬಸ್ಸುಮ್, ನೀ ಮೆಣಸಿನಕಾಯಿ ತೊಟ್ಟು ಸುಟ್ಟು ಇಂಗಾಲ ಮಾಡ್ತಿ, ಹೌದಲ್ಲ?"

"ಹೌದ್ರಿ. ಅಮ್ಮೀ ಬ್ಯಾಡಗಿಂದ ತೊಟ್ಟು ಕಳಸ್ತಾಳ."

"ಎಷ್ಟು ಕಾವಿನಾಗ?"

"ಒಂಬೈನೂರು ಡಿಗ್ರಿ. ಗಾಳಿ ಇಲ್ಲದ ಕೊಳವಿ ಒಲಿಯೊಳಗ."

"ಅಷ್ಟು ಕಾವಿಗೆ ಖಾರ ಉಳೀತೈತೇನು?"

ತಬಸ್ಸುಮ್ ಮೊದಲ ಸಲ ತಲೆಯೆತ್ತಿದಳು. "ಇಂಗಾಲ ಬಿಟ್ಟು ಏನೂ ಉಳಿಯೂದಿಲ್ರಿ. ಖಾರದ ಹೆಸರೂ ಉಳಿಯೂದಿಲ್ಲ."

"ಅಂದ್ರ ಇದಕ್ಕ ಖಾರ ಹತ್ತಿದ್ದು ಸುಟ್ಟ ಮ್ಯಾಲೆ."

"ಇದು ನಂದಲ್ಲ ಅಂತ ಮೂರು ವಾರದಿಂದ ಹೊಯ್ಕೊಳ್ಳಾಕತ್ತೇನಿ! ನೀವು ಒಬ್ಬರ ಕಣ್ಣು ಉರಿದ ಮ್ಯಾಲೆ ಕೇಳಾಕತ್ತೀರಿ!" ಅವಳು ಎದ್ದೇ ನಿಂತಳು. ಶೀಲಾ ತೋಳು ಹಿಡಿದರೆ ಕೊಡವಿದಳು. "ನಂದು ಪುಡಿಯೇ ಅಲ್ರಿ. ಬಿಲ್ಲಿ. ನಾಲ್ಕೇ ನಾಲ್ಕು, ಉದ್ದಿನ ಕಾಳಿನಷ್ಟು."

"ಮತ್ತ ಅದು ಮ್ಯಾಗ್ನೆಟ್‌ಗೆ ಹಾರೂದಿಲ್ಲೇನು?"

"ಹಾರಿದ್ರ ಅದು ಇಂಗಾಲ ಅಲ್ಲ." ಅವಳು ಮೇಜಿನ ಮೇಲಿನ ಬಿಳಿ ಹಾಳೆ ಎಳೆದು ಪೆನ್ನಿನಿಂದ ಆರು ಮೂಲೆಯ ಮನೆಗಳನ್ನು ಗೀಚಿದಳು. ಜೇನುಗೂಡಿನ ಹಾಗೆ. "ಇಂಗಾಲದ ಹಾಳಿ ಹಿಂಗ ಇರತೈತಿ. ಒಂದೊಂದು ಪರಮಾಣು ಮೂರು ಮಂದಿ ಕೈ ಹಿಡದಿರತೈತಿ. ನಾ ಏನ ಮಾಡೇನಿ? ದೂರದ ಊರಿನ ದೊಡ್ಡ ಯಂತ್ರಕ್ಕ ಬಿಲ್ಲಿ ಒಯ್ದು ಗುಂಡು ಹೊಡದಂಗ ಅಯಾನು ಹೊಡಿಸೇನಿ. ಅಲ್ಲೊಂದು ಇಲ್ಲೊಂದು ಪರಮಾಣು ಕಿತ್ತು ಹೋಗ್ಯಾವ. ಕಿತ್ತಲ್ಲಿ ತೂತು. ಸುತ್ತಲಿನ ಮೂವರ ಕೈ ಖಾಲಿ. ಇಬ್ಬರು ಹೆಂಗೋ ತಮ್ಮತಮ್ಮೊಳಗ ಹಿಡಕೋತಾರ. ಮೂರನೇದಕ್ಕ ಯಾರೂ ಇಲ್ಲ. ಆ ಒಂಟಿ ಎಲೆಕ್ಟ್ರಾನೇ ಒಂದು ಸಣ್ಣ ಆಯಸ್ಕಾಂತ."

"ಎಷ್ಟು ಸಣ್ಣ?"

"ಕೈಯಾಗಿನ ಮ್ಯಾಗ್ನೆಟ್‌ಗೆ ಗೊತ್ತೇ ಆಗೂದಿಲ್ಲ, ಅಷ್ಟು. ಅಳೀಬೇಕಂದ್ರ ಭಾಳ ಥಂಡಿಯೊಳಗ ಇಡೋ ಯಂತ್ರ ಬೇಕು. ಅವತ್ತು ಪುಡಿ ಹಾರಿದ ಕೂಡಲೇ ಇದು ಕಬ್ಬಿಣ ಅಂತ ನನಗ ತಿಳೀತು. ಸರ್‌ಗೂ ತಿಳಿದಿತ್ತು. ಇಪ್ಪತ್ತು ವರ್ಷ ಅದನ್ನ ಪಾಠಾ ಮಾಡ್ಯಾರ, ತಿಳೀದೇನು?"

"ಅವತ್ತ ಯಾಕ ಬಾಯಿ ಬಿಡಲಿಲ್ಲ?"

ತಬಸ್ಸುಮ್ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಎಲ್ಲಾರೂ ಚಪ್ಪಾಳಿ ಹೊಡೀತಿದ್ರು ರೀ. ನಾನೂ ಹೊಡದೆ."

ಹನೀಫ್ ಮೂಗು ಸೇದಿದ.

"ಅಸಲಿ ಬಿಲ್ಲಿ ಎಲ್ಲಿ ಅದಾವು?" ಸುಚಿತ್ರಾ ಕೇಳಿದಳು.

"ಹೇಳೂದಿಲ್ಲ."

"ಅವನ್ನ ಅಳತಿ ಮಾಡಿಸಿದ್ರ ನೀ ಖರೇ ಅನ್ನೂದು ಒಂದು ದಿನದಾಗ ಗೊತ್ತಾಗತೈತಿ, ಹುಚ್ಚಿ!"

"ಅದಕ್ಕ ಹೇಳೂದಿಲ್ಲ. ತೂತು ಬಿದ್ದ ಮ್ಯಾಲೆ ಕರೆಂಟ್ ಹರಿಯೋ ದಾರೀನೂ ಬ್ಯಾರೆ ಆಗತೈತಿ. ನಾಲ್ಕು ಬಿಲ್ಲಿಗೆ ನಾಲ್ಕು ಅಂಕಿ, ಬೆರಳಚ್ಚು ಇದ್ದಂಗ. ಅವು ಹೋದ್ರ ಮತ್ತ ಮಾಡಾಕ ಬರೂದಿಲ್ಲ. ಯಂತ್ರದ ಪಾಳಿ ಸಿಗಾಕ ಎರಡು ವರ್ಷ ಕಾದೇನಿ." ಅವಳು ಸುಚಿತ್ರಾಳ ಕಣ್ಣಲ್ಲಿ ಕಣ್ಣಿಟ್ಟಳು. "ನೀವು ಯಾರ ಕಡೆ ಅನ್ನೂದು ಇನ್ನೂ ನನಗ ಗೊತ್ತಿಲ್ರಿ."

ಸುಚಿತ್ರಾಳ ಬಾಯಿಗೆ ಬೈಗುಳ ಬಂತು. ನುಂಗಿದಳು. ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಏರಿತು.

"ಹನೀಫ್, ಬ್ಯಾಡಗಿಯಾಗ ಖಾರ ಕುಟ್ಟೋ ಗಿರಣಿ ಎಷ್ಟು ಅದಾವು?"

"ಓಣಿಗೊಂದು."

"ಎಲ್ಲಾ ತಿರುಗಾಕ ಹೊತ್ತಿಲ್ಲ."

"ಎಲ್ಲಾ ಯಾಕ ತಿರುಗ್ತೀರಿ?" ಹನೀಫ್ ಉರಿವ ಕಣ್ಣಿನಲ್ಲೇ ನಕ್ಕ. "ನಮ್ಮ ಬ್ಯಾಡಗಿ ಕಾಯಿ ಬಣ್ಣದ್ದು. ಬೆಳಗಾನ ತಿಕ್ಕಿದ್ರೂ ಕಣ್ಣು ಇಷ್ಟು ಉರಿಯೂದಿಲ್ಲ. ಇದರಾಗ ಗುಂಟೂರು ಕಾಯಿ ಐತಿ. ಮಂದಿ ತಮ್ಮ ಕಾಯಿಗೆ ಗುಂಟೂರು ತಗಲಬಾರದು ಅಂತ ಅದನ್ನ ಕುಟ್ಟೋ ಗಿರಣಿಗೆ ಕಾಲೇ ಇಡೂದಿಲ್ಲ. ಖಾನಾವಳಿಯವರಿಗೆ ಗುಂಟೂರು ಬೆರಸಿ ಕುಟ್ಟಿಕೊಡಾಂವ ಊರಿಗೆಲ್ಲ ಒಬ್ಬನ. ಫಕ್ಕೀರಪ್ಪ."

ಸುಚಿತ್ರಾ ಟೊಪ್ಪಿಗೆ ತೆಗೆದುಕೊಂಡಳು. "ಶೀಲಾ, ಇಕಿನ್ನ ನೋಡ್ಕೊ. ಊಟಾ ಮಾಡಿಸು."

"ಉಣ್ಣೂದಿಲ್ಲ" ಎಂದಳು ತಬಸ್ಸುಮ್.

"ಬಿಡು ಹಂಗಾರ. ಉಪಾಸ ಸಾಯಿ."

* * *

ಮೋಟೆಬೆನ್ನೂರು ಕ್ರಾಸಿನಿಂದಲೇ ಲಾರಿಗಳ ಸಾಲು. ಗುರುವಾರ, ಪೇಟೆಯ ದಿನ. ಚೀಲಗಳು ಲಾರಿಯ ತಲೆಯ ಮೇಲೂ ಏರಿದ್ದವು. ಜೀಪಿನ ಗಾಜು ಏರಿಸಿದರೂ ಘಾಟು ಒಳಗೆ ಬಂತು. ಸುಚಿತ್ರಾ ಕುಪ್ಪೇಲೂರಿನವಳು, ಹುಟ್ಟಿದಾಗಿನಿಂದ ಇದೇ ಸೀಮೆ. ಆದರೂ ಆರು ಸಲ ಸೀನಿದಳು. ಹನೀಫ್ ಒಂದೂ ಸೀನಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಫಕ್ಕೀರಪ್ಪನ ಗಿರಣಿಯಲ್ಲಿ ನಾಲ್ಕು ಕಬ್ಬಿಣದ ಒನಕೆಗಳು ಏರುತ್ತ ಇಳಿಯುತ್ತ ಇದ್ದವು. ಹುಬ್ಬಿನವರೆಗೆ ಕೆಂಪು ಮೆತ್ತಿಕೊಂಡ ಅರವತ್ತರ ಮನುಷ್ಯ. ಪೊಲೀಸರನ್ನು ಕಂಡು ಮಷೀನು ನಿಲ್ಲಿಸಿದ.

"ಇದ್ದಿಲು ಕುಟ್ಟೀಯೇನು ಇಲ್ಲಿ?" ಸುಚಿತ್ರಾ ನೇರವಾಗಿ ಕೇಳಿದಳು.

"ಕುಟ್ಟೇನ್ರಿ. ಒಂದ ಸಲ." ಅವನು ಮುಚ್ಚಿಡಲಿಲ್ಲ. "ಒಲ್ಲೆ ಅಂತ ಹೇಳಿದ್ದೆ. ಒನಕಿಯೆಲ್ಲ ಕರ್ರಗ ಆಗತಾವು, ನಾಳೆ ಖಾರ ಕರ್ರಗ ಬಂದ್ರ ಮಂದಿ ನನ್ನ ಮುಖಕ್ಕ ಬಳೀತಾರ ಅಂದೆ. ಆದರ ಅಕಿ ಭಾಳ ಕೇಳ್ಕೊಂಡ್ಲು."

"ಅಕಿ?"

ಫಕ್ಕೀರಪ್ಪ ಆ ಪ್ರಶ್ನೆ ಕೇಳಿಸದವನಂತೆ ಒನಕೆಯ ಕೆಳಗಿನ ಹೊರಬಾಯಿ ತೋರಿಸಿದ. ಅಲ್ಲಿ ಹೆಬ್ಬೆರಳು ದಪ್ಪದ ಮೂರು ಸರಳುಗಳು ಅಡ್ಡ ಕೂತಿದ್ದವು. ಸರಳಿನ ಮೈತುಂಬ ಕರಿ ಮುಳ್ಳು ಎದ್ದಂತೆ ಕಬ್ಬಿಣದ ಚೂರು.

"ಇವು ಮ್ಯಾಗ್ನೆಟ್ ರೀ. ಒನಕಿ ಸವೀತೈತಿ, ಕಬ್ಬಿಣ ಖಾರದಾಗ ಬೀಳತೈತಿ. ಇವು ಹಿಡೀತಾವು. ದಿನಾ ಸಂಜಿಕೆ ಒರಸ್ತೇನಿ. ನನ್ನ ಖಾರದಾಗ ಒಂದ ಚೂರು ಕಬ್ಬಿಣ ಸಿಕ್ರ ಗಿರಣಿ ಬಂದ್ ಮಾಡ್ತೇನಿ, ಬರಕೋರಿ."

"ಇದ್ದಿಲು ಕುಟ್ಟಿದ ದಿನಾ ಇವು ಇದ್ವಾ?"

ಅವನ ಮುಖ ಇಳಿಯಿತು. "ತೆಗಿಸಿದ್ರು."

"ಯಾರು?"

"ಫೋನಿನ್ಯಾಗ ಒಬ್ಬಾಂವ ಮಾತಾಡಿದ. ಅಕೀನ ತನ್ನ ಫೋನ್ ಕೊಟ್ಲು. 'ಆ ಮ್ಯಾಗ್ನೆಟ್ ಸರಳು ತೆಗೀರಿ, ಇಲ್ಲಂದ್ರ ನಮ್ಮ ಪುಡಿ ಅದಕ್ಕ ಹತ್ತಿ ಹಾಳಾಗತೈತಿ' ಅಂದ. ಓದಿದಾಂವ, ಪುಸ್ತಕದಾಗಿನಂಗ ಮಾತಾಡ್ತಿದ್ದ. ಇದ್ದಿಲು ಮ್ಯಾಗ್ನೆಟ್‌ಗೆ ಹೆಂಗ ಹತ್ತತೈತ್ರೀ ಅಂದೆ. ನಿನಗ್ಯಾಕ, ಹೇಳಿದಷ್ಟ ಮಾಡು ಅಂದ. ನನ್ನ ಗಿರಣ್ಯಾಗ ನನಗ!"

"ಅಕಿ ಯಾರು ಫಕ್ಕೀರಪ್ಪ?"

ಅವನು ಹನೀಫನ ಕಡೆ ನೋಡಿದ. ಇಲ್ಲಿ ಒಂದು ರೂಢಿ ಇತ್ತು. ಕುಟ್ಟಿಸುವವರು ತಾವೇ ಮಷೀನಿನ ಮುಂದೆ ಕೂರಬೇಕು, ತಮ್ಮ ಖಾರ ತಾವೇ ಬಾಚಿಕೊಳ್ಳಬೇಕು. ಚೀಲ ಇಟ್ಟು ಹೋಗುವಂತಿಲ್ಲ. ಒಬ್ಬರ ಕಾಯಿ ಒಬ್ಬರಿಗೆ ಹೋಯಿತು ಎಂಬ ಮಾತು ಬರಬಾರದು. ಹಾಗಾಗಿ ಯಾರು ಏನು ಕುಟ್ಟಿಸಿದರು ಎಂಬುದನ್ನು ಫಕ್ಕೀರಪ್ಪ ಮರೆಯುವಂತಿರಲಿಲ್ಲ.

"ನಿಮ್ಮ ಓಣಿಯಾಕಿನ ಹನೀಫಣ್ಣ" ಎಂದ. "ತೊಟ್ಟು ಮುರಿಯೂ ಬಿಸ್ಮಿಲ್ಲಾಬಿ."

ಹನೀಫ್ ಸುಚಿತ್ರಾಳ ಕಡೆ ತಿರುಗಿದ.

ತಬಸ್ಸುಮ್‌ಳ ತಾಯಿ.

* * *

ಮಂಡಿಯ ಹಿಂದಿನ ಅಂಗಳದಲ್ಲಿ ಐವತ್ತು ಹೆಂಗಸರು ಕೆಂಪು ರಾಶಿಗಳ ನಡುವೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪೊಲೀಸ್ ಜೀಪು ನಿಂತಾಗ ನೂರು ಕೈಗಳೂ ನಿಂತವು.

"ಬಿಸ್ಮಿಲ್ಲಾಬಿ, ಏಳ. ನಿನ್ನ ಅಳಿಯನ ಮನಿಯವರು ಬಂದಾರ" ಎಂದು ಯಾರೋ ನಕ್ಕರು.

ಬಿಸ್ಮಿಲ್ಲಾಬಿ ನಗಲಿಲ್ಲ. ಸೆರಗು ಕೊಡವಿ ಬಂದಳು. ಒಣಗಿದ ಹೆಂಗಸು. ಎರಡೂ ಕೈ ಮೊಣಕೈಯವರೆಗೆ ಕೆಂಪು.

"ತಬಸ್ಸುಮ್‌ಗೆ ಏನಾತ್ರಿ?"

"ಏನೂ ಆಗಿಲ್ಲ ಖಾಲಾ" ಎಂದ ಹನೀಫ್; ಓಣಿಗೆಲ್ಲ ಅವಳು ಖಾಲಾ, ಚಿಕ್ಕಮ್ಮ. "ಇದ್ದಿಲಿನ ಚೀಲದ ಸುದ್ದಿ ಹೇಳು."

"ಅದಾ?" ಅವಳ ಮುಖದಲ್ಲಿ ಸಮಾಧಾನ ಬಂತು. "ಹೌದು, ನಾನ ಕುಟ್ಟಿಸಿದೆ. ಚನ್ನೇಶ ಸರ್ ಫೋನ್ ಮಾಡಿದ್ರು. ಮಗಳ ಕೆಲಸಕ್ಕ ಪುಡಿ ಭಾಳ ಬೇಕಾಗೇತಿ, ಕಾಲೇಜಿನಾಗಿನ ಒರಳು ಸಣ್ಣದು, ಗಿರಣಿಗೆ ಒಯ್ಯಾಕ ಆಗತೈತೇನು ಅಂದ್ರು. ತಬಸ್ಸುಮ್‌ಗೆ ಹೇಳಬ್ಯಾಡ್ರಿ, ಅಕಿ ಓದಾಕತ್ತಾಳ, ಸುಮ್ನ ಚಿಂತಿ ಮಾಡ್ತಾಳ ಅಂದ್ರು. ಚೀಲ ಅವರ ಕಾರಿನ್ಯಾಗ ಬಂತು, ಪುಡಿ ಅದರಾಗ ಹೋತು."

"ನಿಮಗ ಸಂಶಯ ಬರಲಿಲ್ಲೇನ್ರಿ?"

"ಯಾತರದು? ನಾಲ್ಕು ವರ್ಷದಿಂದ ತೊಟ್ಟು ಕಳಸ್ತೇನಿ. ತೊಟ್ಟಿನಾಗ ಅಕಿ ಏನ್ ಮಾಡ್ತಾಳ ಅನ್ನೂದು ನನಗ ತಿಳಿಯೂದಿಲ್ಲ. ಕೇಳಿದ್ರ ತೂತು ಅಂತಾಳ. ತೂತಿನಾಗ ಏನೈತಿ ಬೇಟಿ ಅಂದ್ರ, ಏನೂ ಇಲ್ಲದ್ದರಾಗ ಎಲ್ಲಾ ಐತಿ ಅಮ್ಮೀ ಅಂತಾಳ." ಬಿಸ್ಮಿಲ್ಲಾಬಿ ನಾಚಿದಂತೆ ನಕ್ಕಳು. "ಕುಟ್ಟಿಸೂದು ನನಗ ಬರತೈತಿ. ಇದೊಂದರ ನನ್ನ ಕೈಲೆ ಆಗತೈತಲ್ಲ ಅಂದ್ಕೊಂಡೆ. ನನ್ನ ಹೊಸಾ ಅರಿವಿಲೆ ಒನಕಿ ಒರಸೇನ್ರಿ ಮೇಡಮ್ಮಾರ. ಖಾರ ಹತ್ತಬಾರದು ಅಂತ ಎರಡ ಸಲ."

ಸುಚಿತ್ರಾ ಹೇಳಿಕೆ ಬರೆದುಕೊಂಡಳು. ಓದಿ ಹೇಳಿದಳು. ಬಿಸ್ಮಿಲ್ಲಾಬಿಯ ಹೆಬ್ಬೆಟ್ಟಿಗೆ ಮಸಿ ಹತ್ತಲಿಲ್ಲ. ಖಾರದ ಜಿಡ್ಡು. ಮೂರು ಸಲ ಒರೆಸಿ ಒತ್ತಿಸಬೇಕಾಯಿತು.

"ಇದರಿಂದ ನನ್ನ ಮಗಳಿಗೆ ಛಲೋ ಆಗತೈತಲ್ರಿ?"

"ಆಗತೈತಿ."

ಜೀಪು ಹಾವೇರಿಯ ದಾರಿ ಹಿಡಿದ ಮೇಲೆ ಹನೀಫ್ ಮೆಲ್ಲಗೆ ಹೇಳಿದ, "ಮೇಡಮ್, ಈ ಕಾಗದದ ಮ್ಯಾಲೆ ಕಬ್ಬಿಣ ಕೂಡಿಸಿದಾಕಿ ಖಾಲಾ. ಸರ್ ಬರೇ ಫೋನಿನ್ಯಾಗಿನ ಧ್ವನಿ. ಮೊದಲ ಯಾರ ಹೆಸರು ಬರತೈತಿ ವಿಚಾರ ಮಾಡ್ರಿ."

"ಗೊತ್ತೈತಿ."

"ಇದನ್ನ ಈಗ ಅವಂಗ ತೋರಸಬ್ಯಾಡ್ರಿ. ಮೊದಲ ಫೋನ್ ಕಂಪನಿಯಿಂದ ಕರೆಗಳ ಪಟ್ಟಿ ತರಸೂಣು."

"ನಾಲ್ಕಕ್ಕ ಸಮಿತಿ. ಪಟ್ಟಿ ನಾಳೆ ಬರತೈತಿ. ಗಾಡಿ ಹೊಡಿ."

* * *

ಹಾವೇರಿಯಲ್ಲಿ ಸಮಿತಿ ಸೇರುವ ಕಟ್ಟಡದ ಪಕ್ಕದ ಕೋಣೆಯಲ್ಲಿ ಚನ್ನೇಶ ಒಬ್ಬನೇ ಕೂತಿದ್ದ. ಮೇಜಿನ ಮೇಲೆ ಅತಿಥಿಗಳಿಗೆಂದು ತಂದ ಐದು ಏಲಕ್ಕಿ ಹಾರ, ಬಣ್ಣದ ಕಾಗದದಲ್ಲಿ. ಐವತ್ತರ ಗಂಡಸು, ಇಸ್ತ್ರಿ ಮುರಿಯದ ಅಂಗಿ. ಗಂಟೆ ಮೂರು.

"ಕೂತ್ಕೊಳ್ಳಿ ಮೇಡಂ. ಚಹಾ ಹೇಳಲೇ?"

ಸುಚಿತ್ರಾ ಕೂರಲಿಲ್ಲ. ಹನೀಫ್ ಬಾಗಿಲಲ್ಲಿ ನಿಂತ.

"ನಿಮ್ಮ ಮನೆಯಲ್ಲಿ ಖಾರದ ಪುಡಿ ಎಲ್ಲಿಂದ ತರತೀರಿ?"

"ಏನು?"

"ಖಾರದ ಪುಡಿ."

"ಅಂಗಡಿಯಿಂದ. ಪ್ಯಾಕೆಟ್. ಯಾಕೆ?"

"ಅದಕ್ಕ ನಿಮಗ ಗೊತ್ತಾಗಲಿಲ್ಲ. ಬ್ಯಾಡಗಿಯ ಗಿರಣಿಗೆ ಹೋದದ್ದು ಏನೇ ಇರಲಿ, ಖಾರ ಹೊತಗೊಂಡ ಬರತೈತಿ. ನಿಮ್ಮ ಪುಡಿ ಮುಟ್ಟಿ ನಮ್ಮ ಹವಾಲ್ದಾರರು ಕಣ್ಣು ತಿಕ್ಕೊಂಡಾರ. ನೋಡ್ರಿ."

ಹನೀಫ್ ಕೆಂಪು ಕಣ್ಣನ್ನು ಅಗಲ ಮಾಡಿ ತೋರಿಸಿದ.

ಚನ್ನೇಶ ನಕ್ಕ. "ಆ ಹುಡುಗಿ ಮೆಣಸಿನಕಾಯಿಯ ಊರಿನವಳು ಮೇಡಂ. ಅವಳ ಕೈಯಲ್ಲಿ ಖಾರ ಇದ್ದರೆ ಅದು ಅವಳ ವಿರುದ್ಧದ ಪುರಾವೆಯೇ ಹೊರತು ನನ್ನ ವಿರುದ್ಧದ್ದಲ್ಲ."

"ಪುಡಿ ಕಬ್ಬಿಣದ್ದು ಅಂತ ಅವತ್ತೇ ನಿಮಗ ಗೊತ್ತಿತ್ತು."

"ವಿದ್ಯಾರ್ಥಿಗಳನ್ನು ನಂಬುವುದು ಮೇಷ್ಟರ ದೌರ್ಬಲ್ಯ."

ಆ ಮಾತು ಅವಳನ್ನು ಕೆರಳಿಸಿತು. ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಅರೆಹೊಟ್ಟೆ ಉಂಡು ದುಡಿದವಳನ್ನು ಕಳ್ಳಿ ಮಾಡಿ, ಅವಳ ತಾಯಿಯ ಕೈಯಲ್ಲೇ ಅದನ್ನು ಕುಟ್ಟಿಸಿ, ಈಗ ಹಾರದ ಮುಂದೆ ಕೂತು ದೌರ್ಬಲ್ಯದ ಮಾತು. ಸುಚಿತ್ರಾ ಜೇಬಿನಿಂದ ಹೇಳಿಕೆಯ ಕಾಗದ ಎಳೆದಳು.

"ಮೇಡಮ್" ಎಂದ ಹನೀಫ್.

"ಸುಮ್ನಿರು. ಕೇಳ್ರಿ ಸರ್. 'ನಾನು ಬಿಸ್ಮಿಲ್ಲಾಬಿ, ವಾಸ ಬ್ಯಾಡಗಿ. ಚನ್ನೇಶ ಸರ್ ಅವರು ನನಗೆ ಫೋನ್ ಮಾಡಿ...'" ಅವಳು ಕೊನೆಯ ಸಾಲಿನವರೆಗೂ ಓದಿದಳು. ಗಿರಣಿ, ಸರಳು, ಕಾರು, ಹೆಬ್ಬೆಟ್ಟು. ಒಂದನ್ನೂ ಬಿಡಲಿಲ್ಲ.

ಚನ್ನೇಶನ ಮುಖ ಬಿಳಿಚಿತು. ಅಷ್ಟು ನೋಡಿದ್ದೇ ಅವಳಿಗೆ ಸಾಕೆನಿಸಿತು.

"ಸಮಿತಿಯ ಅಧ್ಯಕ್ಷರು ಬಂದರೇನೋ" ಎಂದು ಅವನು ಎದ್ದ. "ಐದು ನಿಮಿಷ ಕೊಡಿ. ಓಡಿಹೋಗೋದಿಲ್ಲ."

ಅವಳು ಕೊಟ್ಟಳು. ಆ ಐದು ನಿಮಿಷ ಗೆದ್ದವಳಂತೆ ಕಿಟಕಿಯಾಚೆ ನೋಡುತ್ತ ನಿಂತಳು. ಹನೀಫ್ ಎರಡು ಸಲ ಕೆಮ್ಮಿದ. ಅವಳು ತಿರುಗಲಿಲ್ಲ.

ಚನ್ನೇಶ ಹದಿನೈದು ನಿಮಿಷದ ಮೇಲೆ ಬಂದ. ಮುಖಕ್ಕೆ ಬಣ್ಣ ಮರಳಿತ್ತು. ಅಂಗಿಯ ಜೇಬಿಗೆ ಫೋನ್ ಇಳಿಬಿಟ್ಟು ಕುರ್ಚಿಗೆ ಒರಗಿದ. ಚಹಾ ತರಿಸಿದ. ಕುಡಿದ.

"ಆ ತಾಯಿಗೆ ಫೋನ್ ಮಾಡಿದ್ದು ನಿಜ. ಹಬ್ಬಕ್ಕೂ ಮಾಡ್ತೀನಿ. ಅದಿರಲಿ. ಸಮಿತಿಗೆ ಬೇಕಾದ್ದು ಒಂದೇ ಮೇಡಂ. ಹುಡುಗಿಯ ನಾಲ್ಕು ವರ್ಷದ ಕೆಲಸ ನಿಜವೋ ಸುಳ್ಳೋ. ಅದನ್ನು ಹೇಳಬಲ್ಲದ್ದು ಅವಳ ನಾಲ್ಕು ಬಿಲ್ಲೆ ಮಾತ್ರ."

"ಅದಾವು. ಅವಳ ಹತ್ತಿರ."

"ಇರಲಿ. ಆದರೆ ಆ ತೂತುಗಳ ಒಂದು ಗುಣ ಹೇಳ್ತೀನಿ." ಅವನ ದನಿ ತರಗತಿಯ ದನಿಯಾಯಿತು. "ಅವು ಖಾಯಂ ಅಲ್ಲ. ಬಿಲ್ಲೆಯನ್ನು ಮತ್ತೆ ಕಾಯಿಸಿದರೆ ಪರಮಾಣುಗಳು ಅಲುಗಾಡುತ್ತವೆ, ಸರಿಯುತ್ತವೆ, ತೂತು ಒಂದೊಂದಾಗಿ ಮುಚ್ಚುತ್ತದೆ. ಒಂಟಿ ಎಲೆಕ್ಟ್ರಾನಿಗೆ ಜೋಡಿ ಸಿಕ್ಕು ಸುಮ್ಮನಾಗುತ್ತದೆ. ವಿದ್ಯುತ್ತಿನ ಅಂಕಿಯೂ ಬದಲಾಗುತ್ತದೆ. ಅವಳ ಮಾದರಿ ಆರುನೂರು ಡಿಗ್ರಿ ದಾಟಿದರೆ ಮತ್ತೆ ಹಿಂದಕ್ಕೆ ಬರೋದಿಲ್ಲ. ಆಮೇಲೆ ಅದು ಒಲೆಯಿಂದ ತೆಗೆದ ಇದ್ದಿಲು, ಅಷ್ಟೇ."

"ಇದನ್ನೆಲ್ಲ ನನಗ ಯಾಕ ಹೇಳಾಕತ್ತೀರಿ?"

ಅವನು ಗೋಡೆಯ ಗಡಿಯಾರ ನೋಡಿದ. ಮೂರೂ ಮುಕ್ಕಾಲು.

ಸುಚಿತ್ರಾಳ ಫೋನ್ ಬಡಿದುಕೊಂಡಿತು. ಶೀಲಾ.

"ಮೇಡಮ್, ತಪ್ಪಾತ್ರಿ." ಶೀಲಾ ಏದುಸಿರು ಬಿಡುತ್ತಿದ್ದಳು. "ತಬಸ್ಸುಮ್‌ಗೆ ಒಂದು ಫೋನ್ ಬಂತು. ಮಾತಾಡಿದ ಮ್ಯಾಲೆ ಬಿಲ್ಲಿ ತೋರಸ್ತೇನಿ, ಲ್ಯಾಬಿಗೆ ಕರಕೊಂಡ ನಡಿ ಅಂದ್ಲು. ನಿಮಗ ಅದ ಬೇಕಿತ್ತಲ್ಲ ಅಂತ ಕರಕೊಂಡ ಬಂದೆ. ಕಾಲೇಜು ಠಾಣೆ ಹಿಂದನ ಐತಲ್ರಿ. ಒಳಗ ಹೋಗಿ ಚಿಲಕ ಹಾಕ್ಯಾಳ. ಒಲಿ ಹಚ್ಯಾಳ!"

"ಬಿಲ್ಲಿ?"

"ಕೊಳವಿಯೊಳಗ ಇಟ್ಲು. ಗಾಜಿನ್ಯಾಗ ನಾನ ಕಣ್ಣಾರೆ ನೋಡೇನಿ. ಒಲಿ ಮ್ಯಾಲೆ ಕೆಂಪ ಅಂಕಿ ಏರಾಕತ್ತೈತಿ. ಮುನ್ನೂರಾ ಎಂಬತ್ತು ಅಂತ ಐತ್ರಿ. ಬಾಗಿಲಾ ಒಡೀಲೇನು?"

"ಫೋನ್ ಬಾಗಿಲಿಗೆ ಹಿಡಿ. ತಬಸ್ಸುಮ್! ಏನ್ ಮಾಡಾಕತ್ತೀ?"

ಬಾಗಿಲಾಚೆಯಿಂದ ಬಂದ ದನಿ ಸಣ್ಣದಿತ್ತು, ಅಲುಗಾಡಲಿಲ್ಲ. "ಅಮ್ಮೀ ಹೆಬ್ಬೆಟ್ಟು ಒತ್ತಿಸ್ಕೊಂಡೀರಂತ."

"ಅದು ನಿನ್ನ ಉಳಿಸಾಕ!"

"ಕಬ್ಬಿಣ ಕೂಡಿಸಿದಾಕಿ ಅಮ್ಮೀ ಅಂತ ಬರದೀರಿ. ಸಹಿ ಮಾಡಾಕೂ ಬರದಾಕಿ ಕಡೆಯಿಂದ. ಸರ್ ಹೇಳ್ಯಾರ. ಬಿಲ್ಲಿ ಇಲ್ಲದಂಗ ಮಾಡಿ, ನಾನ ಮಾಡೇನಿ ಅಂತ ಸಮಿತಿಗೆ ಬರದು ಕೊಟ್ರ ಅಮ್ಮೀ ಹೆಸರು ಎಲ್ಲೂ ಬರೂದಿಲ್ಲ. ನೀವು ಆ ಕಾಗದ ಹರದ್ರ ಒಲಿ ಆರಸ್ತೇನಿ. ಇಲ್ಲಂದ್ರ ಏರಲಿ."

"ಹರದ್ರ ಇಂವ ಉಳ್ಕೋತಾನ!"

"ಉಳ್ಕೊಳ್ಳಲಿ."

"ನಿನ್ನ ನಾಲ್ಕು ವರ್ಷ?"

ಆ ಕಡೆ ಒಲೆ ಗುಂಯ್‌ಗುಡುತ್ತಿತ್ತು.

"ಅಮ್ಮೀ ಮೂವತ್ತು ವರ್ಷ ತೊಟ್ಟು ಮುರದಾಳ್ರಿ."

"ಶೀಲಾ, ಬಾಗಿಲಾ ಒಡಿ!"

"ಒಡದ್ರ ಕೊಳವಿ ಬಾಯಿ ತೆಗೀತೇನಿ" ಎಂದಳು ತಬಸ್ಸುಮ್. "ಈ ಕಾವಿನಾಗ ಗಾಳಿ ಹೊಕ್ರ ಇಂಗಾಲ ಉರದು ಬೂದಿ ಆಗತೈತಿ. ಆರುನೂರರ ತನಕಾ ಕಾಯೂದೂ ಬ್ಯಾಡ."

ಶೀಲಾಳ ಕೈ ಬಾಗಿಲ ಮೇಲೆಯೇ ನಿಂತಿರಬೇಕು. ಸದ್ದು ಬರಲಿಲ್ಲ.

ಚನ್ನೇಶ ಏಲಕ್ಕಿ ಹಾರದ ಕಾಗದವನ್ನು ಸರಿಪಡಿಸುತ್ತಿದ್ದ. ಸುಚಿತ್ರಾ ಅವನ ಕೊರಳಪಟ್ಟಿಗೆ ಕೈ ಹಾಕಿದಳು. ಹನೀಫ್ ನಡುವೆ ಬಂದ.

"ನನ್ನನ್ನು ಹೊಡೆದರೆ ಒಲೆ ಆರುತ್ತಾ ಮೇಡಂ?" ಎಂದ ಚನ್ನೇಶ.

ಅವಳು ಕೈ ಬಿಟ್ಟಳು. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು ಅವಳು ಓದಿ ಅಲ್ಲಿಟ್ಟ ಹೆಬ್ಬೆಟ್ಟಿನದು. ಇನ್ನೊಂದು ಚನ್ನೇಶ ಸಮಿತಿಗೆಂದು ತಂದಿದ್ದ, ಕಾಲೇಜು ಕೊಟ್ಟ ದೂರಿನ ನಕಲು. ಸುಚಿತ್ರಾ ನಕಲನ್ನು ಎತ್ತಿಕೊಂಡು ಫೋನಿನ ಹತ್ತಿರ ಹಿಡಿದು, ಸದ್ದು ಕೇಳುವಂತೆ, ಮೇಲಿನಿಂದ ಕೆಳಗಿನವರೆಗೆ ಹರಿದಳು.

"ಕೇಳಿತಾ? ಹರದೇನಿ. ಒಲಿ ಆರಸು."

"ನಾನೂರಾ ಅರವತ್ತು" ಎಂದು ಶೀಲಾ ಪಿಸುಗುಟ್ಟಿದಳು.

ತಬಸ್ಸುಮ್ ಬಾಗಿಲ ಹತ್ತಿರ ಬಂದಿರಬೇಕು. ದನಿ ಈಗ ಸ್ಪಷ್ಟವಾಗಿತ್ತು.

"ವಿಡಿಯೋ ಹಚ್ರಿ ಮೇಡಮ್. ಹೆಬ್ಬೆಟ್ಟು ನನ್ನ ಕಣ್ಣಿಗೆ ಕಾಣಬೇಕು."

ಸುಚಿತ್ರಾ ಉಳಿದ ಒಂದು ಕಾಗದದ ಮೇಲೆ ಅಂಗೈ ಇಟ್ಟು ನಿಂತಳು. ಹನೀಫ್ ಅವಳ ಮುಖ ನೋಡಲಿಲ್ಲ. ಪಕ್ಕದ ಕೋಣೆಯಲ್ಲಿ ಸಮಿತಿಯವರು ಕುರ್ಚಿ ಎಳೆದುಕೊಳ್ಳುತ್ತಿದ್ದರು.

"ಐನೂರಾ ಹತ್ತು ರೀ" ಎಂದಳು ಶೀಲಾ.